ಪಕ್ಕದ ಕುರ್ಚಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಂಗೀತ ಕಲಿಸುವ ಮೇಷ್ಟ್ರುಗಳಿದ್ದೀರಿ, ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರೂ ಇದ್ದೀರಿ. ಹಾಗಾಗಿ ನನ್ನ ಹೈಸ್ಕೂಲಿನ ಒಂದು ಸಂಜೆಯಿಂದಲೇ ಶುರು ಮಾಡುತ್ತೇನೆ.

ನಾನಾಗ ಒಂಬತ್ತನೇ ಕ್ಲಾಸು. ಸ್ಕೂಲ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದೆ. ಸ್ಕೂಲ್ ಡೇಗೆ ಹೊರಗಿನಿಂದ ಆರ್ಕೆಸ್ಟ್ರಾ ಕರೆಸಿದ್ದರು. ಬ್ಯಾಂಡಿನ ಹುಡುಗರಿಗೆ ಸಿಕ್ಕಿದ್ದು ಕುರ್ಚಿ ಹಾಕುವ ಕೆಲಸ. ಆರ್ಕೆಸ್ಟ್ರಾದ ಡ್ರಮ್ಮರ್ ಎಡಗೈಯಲ್ಲಿ ಕಡ್ಡಿ ಹೇಗೆ ಹಿಡಿಯುತ್ತಾರೆ ಅಂತ ಹತ್ತಿರದಿಂದ ನೋಡಬೇಕು, ಅಷ್ಟೇ ನನ್ನ ಆಸೆ. ಸ್ಟೇಜಿನ ಅಂಚಿಗೆ ಹೋಗಿ ನಿಂತೆ. ‘ಹಿಂದೆ ಹೋಗಪ್ಪಾ, ವೈರ್ ತುಳೀಬೇಡ’ ಅಂತ ಯಾರೋ ಕಳಿಸಿಬಿಟ್ಟರು. ಆ ಎಡಗೈ ಕೊನೆಗೂ ಕಾಣಲಿಲ್ಲ. ಎಷ್ಟೋ ವರ್ಷ ನನಗೆ ಆ ಬೇಸರ ಇತ್ತು.

ಅಮೆರಿಕದಲ್ಲಿ ಹೈಸ್ಕೂಲ್ ಜಾಝ್ ಬ್ಯಾಂಡುಗಳು ಅಂತ ಇವೆ. ಅಲ್ಲಿ ಕೆಲವು ಕಡೆ ಅಂಥ ಡ್ರಮ್ಮರನ ಪಕ್ಕದಲ್ಲೇ ಹುಡುಗನಿಗೆ ಕುರ್ಚಿ ಹಾಕಿಕೊಡುತ್ತಾರೆ. ಇವತ್ತು ನನಗೆ ಆ ಕುರ್ಚಿಯ ಬಗ್ಗೆಯೇ ಮಾತಾಡಬೇಕು.

ಮೊದಲು ಬಿಗ್ ಬ್ಯಾಂಡ್, ಅಂದರೆ ಜಾಝಿನ ದೊಡ್ಡ ವಾದ್ಯತಂಡ, ಹೇಗೆ ಕೂರುತ್ತದೆ ಅಂತ ಕಣ್ಣ ಮುಂದೆ ತಂದುಕೊಳ್ಳಿ. ಮುಂದಿನ ಸಾಲಿನಲ್ಲಿ ಐದು ಸ್ಯಾಕ್ಸೊಫೋನ್. ಅದರ ಹಿಂದೆ ಮೂರೋ ನಾಲ್ಕೋ ಟ್ರಂಬೋನ್. ಎಲ್ಲಕ್ಕಿಂತ ಹಿಂದೆ, ಸ್ವಲ್ಪ ಎತ್ತರದಲ್ಲಿ, ಟ್ರಂಪೆಟ್. ಒಂದು ಪಕ್ಕದಲ್ಲಿ ಪಿಯಾನೋ, ದೊಡ್ಡ ಬೇಸ್, ಗಿಟಾರ್, ಡ್ರಮ್. ಪ್ರತಿ ಸಾಲಿಗೂ ಒಬ್ಬ ಮುಂದಾಳು ಇರುತ್ತಾನೆ. ಸಾಮಾನ್ಯವಾಗಿ ಅವನು ಸಾಲಿನ ತುದಿಯಲ್ಲಿ ಕೂರುವುದಿಲ್ಲ, ನಡುವೆ ಕೂರುತ್ತಾನೆ. ಅವನು ಒಂದು ಸ್ವರವನ್ನು ಎಲ್ಲಿ ಕತ್ತರಿಸುತ್ತಾನೋ ಉಳಿದವರೂ ಅಲ್ಲೇ ಕತ್ತರಿಸಬೇಕು. ಅವನು ಉಸಿರು ಎಳೆದಾಗಲೇ ಎಲ್ಲರೂ ಎಳೆಯಬೇಕು.

ಇದನ್ನು ಕಾಗದದಲ್ಲಿ ಬರೆಯೋಕೆ ಆಗಲ್ಲ. ಕಾಗದದಲ್ಲಿ ಎರಡು ಸಮ ಸ್ವರ ಬರೆದಿರುತ್ತಾರೆ. ಬಾರಿಸುವಾಗ ಮೊದಲನೆಯದು ಸ್ವಲ್ಪ ಉದ್ದ, ಎರಡನೆಯದು ಸ್ವಲ್ಪ ಗಿಡ್ಡ. ಎಷ್ಟು ಉದ್ದ? ಹಾಡು ನಿಧಾನವಾದರೆ ಒಂದು ಥರ, ವೇಗವಾದರೆ ಇನ್ನೊಂದು ಥರ. ಸ್ವಿಂಗ್ ಅನ್ನೋದು ಇದೇ. ನಮ್ಮಲ್ಲಿ ಗಮಕವನ್ನು ಪುಸ್ತಕ ನೋಡಿ ಕಲಿತವರನ್ನು ಯಾರಾದರೂ ನೋಡಿದ್ದೀರಾ? ಹಾಗೇ ಇದು. ಪಕ್ಕದವರ ಕಿವಿ, ಪಕ್ಕದವರ ಉಸಿರು ಬೇಕು.

ಜಾಝ್ ಸಂಯೋಜಕ, ಪಿಯಾನೋ ವಾದಕ ಡ್ಯೂಕ್ ಎಲಿಂಗ್ಟನ್ ಅವರ ಸಂಗೀತದಲ್ಲಂತೂ ಇದು ಇನ್ನೂ ಜಾಸ್ತಿ. 1899ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದವರು, 1974ರಲ್ಲಿ ತೀರಿಕೊಂಡರು. ಸುಮಾರು ಐವತ್ತು ವರ್ಷ ಒಂದು ಬ್ಯಾಂಡನ್ನು ನಡೆಸಿದರು. ಅವರು ಬರೆದ ಹಾಳೆಗಳ ಮೇಲೆ ‘ಮೊದಲ ಸ್ಯಾಕ್ಸೊಫೋನ್’ ಅಂತ ಇರುವುದಕ್ಕಿಂತ ನುಡಿಸುವವರ ಹೆಸರು, ಅಡ್ಡಹೆಸರು ಇರುತ್ತಿದ್ದುದೇ ಹೆಚ್ಚು. ವಾದ್ಯಕ್ಕಲ್ಲ, ಆ ಮನುಷ್ಯನಿಗೇ ಅಂತ ಬರೆಯುತ್ತಿದ್ದರು. ಸ್ಯಾಕ್ಸೊಫೋನಿನ ಜಾನಿ ಹಾಡ್ಜಸ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ರೀತಿ ಬೇರೆ ಯಾರಿಗೂ ಇರಲಿಲ್ಲ, ಹಾಗಾಗಿ ಆ ಜಾರುವಿಕೆ ಹಾಡಿನ ಭಾಗವೇ ಆಯಿತು. ಟ್ರಂಪೆಟ್ಟಿನ ಬಬ್ಬರ್ ಮೈಲಿ, ಟ್ರಂಬೋನಿನ ‘ಟ್ರಿಕಿ ಸ್ಯಾಮ್’ ನ್ಯಾಂಟನ್ ವಾದ್ಯದ ಬಾಯಿಗೆ ಒಂದು ರಬ್ಬರ್ ಬಟ್ಟಲು ಹಿಡಿದು, ಮುಚ್ಚಿ ತೆಗೆದು ಮನುಷ್ಯ ಮಾತಾಡಿದಂತೆ ನುಡಿಸುತ್ತಿದ್ದರು. ಆ ಬಟ್ಟಲು ಯಾವುದು ಗೊತ್ತಾ? ಸಿಂಕ್ ಕಟ್ಟಿಕೊಂಡಾಗ ಒತ್ತಿ ಎಳೆಯುತ್ತೀವಲ್ಲ, ಅದೇ. ಹಿಡಿ ಕಿತ್ತು ರಬ್ಬರ್ ಅಷ್ಟನ್ನೇ ಕೈಯಲ್ಲಿ ಹಿಡಿಯುವುದು. ಇವತ್ತಿಗೂ ಹೈಸ್ಕೂಲ್ ಮಕ್ಕಳು ಅದನ್ನು ಹಾರ್ಡ್‌ವೇರ್ ಅಂಗಡಿಯಿಂದಲೇ ತರಬಹುದು. ಆದರೆ ಎಷ್ಟು ಮುಚ್ಚಬೇಕು, ಯಾವಾಗ ಬಿಡಬೇಕು, ಗಂಟಲಲ್ಲಿ ಹೇಗೆ ಗುರುಗುಟ್ಟಬೇಕು ಅನ್ನೋದು ಅಂಗಡಿಯಲ್ಲಿ ಸಿಗಲ್ಲ. ಅದನ್ನು ಬಲ್ಲವರು ಒಂದು ಅಡಿ ದೂರದಲ್ಲಿ ಕೂತು ಮಾಡಿ ತೋರಿಸಬೇಕು.

ಬಹಳ ವರ್ಷ ಅಮೆರಿಕದ ಶಾಲೆಗಳಿಗೆ ಎಲಿಂಗ್ಟನ್ ಹಾಳೆಗಳು ಸಿಗುವುದೇ ಕಷ್ಟವಿತ್ತು. ಮಕ್ಕಳಿಗೆ ಅಂತ ಸುಲಭ ಮಾಡಿ ಬರೆದ ಹಾಡುಗಳೇ ಹೆಚ್ಚು. ನ್ಯೂಯಾರ್ಕಿನ ‘ಜಾಝ್ ಅಟ್ ಲಿಂಕನ್ ಸೆಂಟರ್’ ಸಂಸ್ಥೆ ಇದನ್ನು ಬದಲಿಸಲು ಹೊರಟಿತು. ಹಳೆಯ ರೆಕಾರ್ಡುಗಳನ್ನು ಕಿವಿಗೊಟ್ಟು ಕೇಳಿ, ಪ್ರತಿ ವಾದ್ಯದ ಪಾಲನ್ನೂ ಬರೆಸಿ, ಶಾಲೆಗಳಿಗೆ ದುಡ್ಡು ಕೇಳದೆ ಕಳಿಸತೊಡಗಿತು. ‘ಎಸೆನ್ಶಿಯಲಿ ಎಲಿಂಗ್ಟನ್’ ಎಂಬ ಹೈಸ್ಕೂಲ್ ಬ್ಯಾಂಡುಗಳ ಸ್ಪರ್ಧೆ 1996ರಿಂದ ನಡೆಯುತ್ತಿದೆ. ಬ್ಯಾಂಡುಗಳು ರೆಕಾರ್ಡಿಂಗ್ ಕಳಿಸುತ್ತವೆ, ಆಯ್ಕೆಯಾದವು ನ್ಯೂಯಾರ್ಕಿಗೆ ಹೋಗುತ್ತವೆ. ಬಹಳ ವರ್ಷ ಈ ಸಂಖ್ಯೆ 15 ಇತ್ತು.

ಸ್ಪರ್ಧೆ ಅಂದ ಕೂಡಲೇ ಬಹುಮಾನದ ಕಡೆ ಮನಸ್ಸು ಹೋಗುತ್ತದೆ, ಅಲ್ವಾ? ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಆಯ್ಕೆಯಾದ ಬ್ಯಾಂಡುಗಳ ಶಾಲೆಗೇ ಒಬ್ಬ ವೃತ್ತಿಪರ ಸಂಗೀತಗಾರ ಹೋಗಿ ಮಕ್ಕಳ ಜೊತೆ ಅಭ್ಯಾಸ ಮಾಡುತ್ತಾರೆ. ಬಹಳ ವರ್ಷ ಕೊನೆಯ ರಾತ್ರಿ ಗೆದ್ದ ಮೂರು ಬ್ಯಾಂಡುಗಳ ಜೊತೆ ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಹೆಸರಾಂತ ವಾದಕ ವಿಂಟನ್ ಮಾರ್ಸಾಲಿಸ್ ಸ್ವತಃ ಟ್ರಂಪೆಟ್ ಹಿಡಿದು ನಿಲ್ಲುತ್ತಿದ್ದರು. ಆ ಹುಡುಗರ ವಯಸ್ಸು 15, 16, 17.

ಮಾರ್ಸಾಲಿಸ್ ಅವರಿಗೆ ಇದು ಯಾಕೆ ಮುಖ್ಯ ಅನ್ನೋದು ಅವರ ಬಾಲ್ಯದಲ್ಲೇ ಇದೆ. ನ್ಯೂ ಆರ್ಲಿಯನ್ಸಿನಲ್ಲಿ ಡ್ಯಾನಿ ಬಾರ್ಕರ್ ಅಂತ ಹಿರಿಯ ಬ್ಯಾಂಜೋ, ಗಿಟಾರ್ ವಾದಕರಿದ್ದರು. ದೊಡ್ಡ ದೊಡ್ಡ ಬ್ಯಾಂಡುಗಳಲ್ಲಿ ನುಡಿಸಿ ಊರಿಗೆ ವಾಪಸ್ ಬಂದವರು. ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕೇರಿಯ ಹುಡುಗರನ್ನು ಸೇರಿಸಿ ಬ್ಯಾಂಡ್ ಕಟ್ಟಿದರು. ಮಾರ್ಸಾಲಿಸ್ ಅದರಲ್ಲಿ ಚಿಕ್ಕ ಹುಡುಗ. 14ನೇ ವಯಸ್ಸಿಗೆ ಊರಿನ ಸಿಂಫನಿ ಆರ್ಕೆಸ್ಟ್ರಾ ಜೊತೆ ಹೇಡನ್ ಅವರ ಟ್ರಂಪೆಟ್ ಕೃತಿ ನುಡಿಸಿದರು. ಅವರಿಗೂ ಯಾರೋ ಕುರ್ಚಿ ಹಾಕಿಕೊಟ್ಟಿದ್ದರು.

ಇಲ್ಲಿ ನನ್ನದೊಂದು ಖಚಿತ ಅಭಿಪ್ರಾಯ ಹೇಳಿಬಿಡುತ್ತೇನೆ. ದೊಡ್ಡವರು ಬಂದು ಮುಂದೆ ನಿಂತು ಮಿಂಚಿ, ಮಕ್ಕಳು ಹಿಂದೆ ಸುಮ್ನೆ ಸ್ವರ ಹಿಡಿದು ಕೂರುವುದಾದರೆ ಅದರಿಂದ ಅರ್ಧ ಲಾಭ. ದೊಡ್ಡವರು ಸಾಲಿನೊಳಗೇ ಕೂರಬೇಕು. ಮೂರನೇ ಟ್ರಂಬೋನ್ ನುಡಿಸಲಿ, ಪರವಾಗಿಲ್ಲ. ಆಗ ಮಕ್ಕಳಿಗೆ ಮೊದಲು ಗೊತ್ತಾಗುವುದು ಅವರು ಎಷ್ಟು ಮೆಲ್ಲಗೆ ನುಡಿಸುತ್ತಾರೆ ಅಂತ. ಹೈಸ್ಕೂಲ್ ಬ್ಯಾಂಡುಗಳಲ್ಲಿ ಎಲ್ಲರಿಗೂ ಜೋರಾಗಿ ಊದುವ ಆಸೆ. ಬಲ್ಲ ಡ್ರಮ್ಮರ್ ಕಾಲಿನ ದೊಡ್ಡ ಡ್ರಮ್ಮನ್ನು ಹೆಚ್ಚೂ ಕಡಿಮೆ ಕೇಳಿಸದಷ್ಟು ಮೆತ್ತಗೆ ಮುಟ್ಟುತ್ತಾನೆ. ಅದು ಕಿವಿಗಿಂತ ಹೊಟ್ಟೆಗೆ ತಟ್ಟುತ್ತದೆ. ಅದರ ಮೇಲೆ ಬೇಸ್ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತದೆ. ಪಕ್ಕದಲ್ಲಿ ಕೂತ ಹುಡುಗನಿಗೆ ಇದು ಒಂದೇ ಸಂಜೆಯಲ್ಲಿ ಮೈಗೆ ಹತ್ತುತ್ತದೆ. ಬಾಯಲ್ಲಿ ಹೇಳಿದರೆ ವರ್ಷ ಬೇಕು.

ನಮಗಿದು ಹೊಸದೇನಲ್ಲ. ಹೊಸಬನ ಕಚೇರಿಗೆ ಹಿರಿಯ ಮೃದಂಗ ವಿದ್ವಾಂಸರು ಪಕ್ಕವಾದ್ಯಕ್ಕೆ ಕೂರುತ್ತಾರಲ್ಲ, ಆ ಧೈರ್ಯವೇ ಬೇರೆ. ಸ್ಯಾಕ್ಸೊಫೋನಂತೂ ನಮಗೆ ಮನೆಯ ವಾದ್ಯವೇ ಆಗಿದೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ನಾನೂ ಜೊತೆಗೆ ನುಡಿಸಲಾ ಅಂತ ಕೇಳಿ ವೇದಿಕೆ ಹತ್ತಿದ್ದರು.

ಇನ್ನೊಂದು ಊರಿನ ಕಥೆ ಹೇಳಿ ಮುಗಿಸುತ್ತೇನೆ. ಸಿಯಾಟಲ್. ಅಲ್ಲಿನ ಎರಡು ಸರ್ಕಾರಿ ಹೈಸ್ಕೂಲುಗಳು, ಗಾರ್ಫೀಲ್ಡ್ ಮತ್ತು ರೂಸ್ವೆಲ್ಟ್, ಈ ಎಲಿಂಗ್ಟನ್ ಸ್ಪರ್ಧೆಯನ್ನು ಹಲವು ಸಲ ಗೆದ್ದಿವೆ. ಗಾರ್ಫೀಲ್ಡಿನಲ್ಲಿ ಕ್ಲಾರೆನ್ಸ್ ಏಕಾಕ್ಸ್ ಮೇಷ್ಟ್ರು 1971ರಿಂದ 2019ರವರೆಗೆ ಬ್ಯಾಂಡ್ ಕಲಿಸಿದರು. ಅವರೇ ಡ್ರಮ್ಮರ್, ಊರಿನ ಬ್ಯಾಂಡುಗಳಲ್ಲಿ ನುಡಿಸುವವರು. ಬೆಳಗ್ಗೆ ಪಾಠ ಹೇಳಿದವರನ್ನೇ ಮಕ್ಕಳು ರಾತ್ರಿ ವೇದಿಕೆಯಲ್ಲಿ ನೋಡಬಹುದಿತ್ತು.

ಅದೇ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ, ಏಕಾಕ್ಸ್ ಅವರಿಗಿಂತ ಎಷ್ಟೋ ಮೊದಲು, ಕ್ವಿನ್ಸಿ ಜೋನ್ಸ್ ಎಂಬ ಹುಡುಗ ಓದುತ್ತಿದ್ದ. ಟ್ರಂಪೆಟ್ ಹುಚ್ಚು. ಕೌಂಟ್ ಬೇಸಿ ಅವರ ಜಾಝ್ ತಂಡ ಊರಿಗೆ ಬಂದಾಗ ಅದರಲ್ಲಿದ್ದ ಟ್ರಂಪೆಟ್ ವಾದಕ ಕ್ಲಾರ್ಕ್ ಟೆರಿ ಅವರ ಹಿಂದೆ ಬಿದ್ದ. ನನಗೆ ಕಲಿಸಿ ಅಂದ. ಟೆರಿ ತಡರಾತ್ರಿವರೆಗೆ ನುಡಿಸಿ ಆಮೇಲೆ ಮಲಗುವವರು. ಹುಡುಗನಿಗೆ ಹಗಲು ಸ್ಕೂಲು. ಹಾಗಾಗಿ ಅವನು ಬೆಳಗಿನ ಜಾವವೇ ಬಂದು ಅವರನ್ನು ಎಬ್ಬಿಸುತ್ತಿದ್ದ. ಟೆರಿ ಎದ್ದು ಪಾಠ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ತೋಟಕ್ಕೆ ನೀರು ಬಿಡುವ ಪೈಪಿಗೆ ಆಲಿಕೆ ಸಿಕ್ಕಿಸಿ ಟ್ರಂಪೆಟ್ ಮಾಡಿಕೊಂಡು ಊದಿದವರು ಅವರು. ಬಾಗಿಲು ತಟ್ಟುವ ಹುಡುಗನ ಆಸೆ ಅವರಿಗೆ ಅರ್ಥವಾಗಿರಬೇಕು.

1959ರಲ್ಲಿ ಕ್ವಿನ್ಸಿ ಜೋನ್ಸ್ ಯುರೋಪಿಗೆ ಹೊರಟ ಒಂದು ಸಂಗೀತ ನಾಟಕಕ್ಕೆ ದೊಡ್ಡ ಬ್ಯಾಂಡ್ ಕಟ್ಟಿದರು. ಆಗ ಕ್ಲಾರ್ಕ್ ಟೆರಿ ಇದ್ದದ್ದು ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನಲ್ಲಿ. ಅದನ್ನು ಬಿಟ್ಟು ಬಂದು, ಶಿಷ್ಯನ ಬ್ಯಾಂಡಿನ ಟ್ರಂಪೆಟ್ ಸಾಲಿನಲ್ಲಿ ಕೂತರು.