ಮೂಕಿಭಾರದ ಮಸ್ಟಾಂಗ್

ಬೆಳಗ್ಗೆ ಏಳು ಗಂಟೆ. ಮಿಶಿಗನ್‌ನಲ್ಲಿ ಜೂನ್ ಬಂದರೂ ಈ ಹೊತ್ತಿಗೆ ಸ್ವೆಟರ್ ಬೇಕು. ನೀವು ನೋಡುತ್ತಿರುವುದು ಒಂದು ದೊಡ್ಡ ಖಾಲಿ ಪಾರ್ಕಿಂಗ್ ಜಾಗ. ತುಂಬ ಕಿತ್ತಳೆ ಬಣ್ಣದ ಕೋನ್‌ಗಳು, ಯಾರೋ ಎರಚಿ ಹೋದ ಹಾಗೆ. ನಡುವೆ ಕೆಲವರು ಕೈಯಲ್ಲಿ ಕಾಫಿ ಹಿಡಿದು, ಇನ್ನೊಂದು ಕೈಯಿಂದ ಗಾಳಿಯಲ್ಲೇ ಸ್ಟಿಯರಿಂಗ್ ತಿರುಗಿಸುತ್ತಾ ನಡೆಯುತ್ತಿದ್ದಾರಲ್ಲ? ಹುಚ್ಚರಲ್ಲ. ಅದನ್ನು ಕೋರ್ಸ್ ವಾಕ್ ಅನ್ನುತ್ತಾರೆ. ನೀಲಿ ಟೋಪಿ ಹಾಕಿಕೊಂಡವನು ನಾನು.

ಇದು ಆಟೋಕ್ರಾಸ್. ನಮ್ಮ ಚಿಕ್ಕಮಗಳೂರು ಕಡೆ ಆಟೋಕ್ರಾಸ್ ಅಂದರೆ ಮಣ್ಣಿನ ಟ್ರ್ಯಾಕು, ಮುಖದ ತುಂಬ ಧೂಳು. ಅಮೆರಿಕದಲ್ಲಿ ಡಾಂಬರು ಇಲ್ಲವೇ ಕಾಂಕ್ರೀಟಿನ ಮೇಲೆ ಓಟ. ಪಕ್ಕದಲ್ಲಿ ಇನ್ನೊಂದು ಕಾರು ಇರುವುದಿಲ್ಲ. ಜಗಳ ಏನಿದ್ದರೂ ಗಡಿಯಾರದ ಜೊತೆ. ಪ್ರತಿ ಸಲ ಕೋನ್‌ಗಳನ್ನು ಹೊಸದಾಗಿ ಜೋಡಿಸುತ್ತಾರೆ, ಹಾಗಾಗಿ ದಾರಿಯನ್ನು ನಡೆದು ನೋಡಿಯೇ ಬಾಯಿಪಾಠ ಮಾಡಬೇಕು. ಒಂದು ಓಟ ಸುಮಾರು ಒಂದು ನಿಮಿಷ. ಹೆಚ್ಚಿನದೆಲ್ಲ ಎರಡನೇ ಗೇರ್‌ನಲ್ಲೇ ಮುಗಿಯುತ್ತದೆ. ನಮ್ಮ ಕೋರ್ಸ್‌ನಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟುವುದೇ ಅಪರೂಪ.

ಊರಲ್ಲಿರುವ ಅಪ್ಪನಿಗೆ ಇದನ್ನು ಹೇಳಿದ್ದೆ. "ಅಷ್ಟಕ್ಕೆ ಹೆಲ್ಮೆಟ್ ಬೇರೆ ಹಾಕ್ಕೋತೀಯಾ? ಚನ್ನರಾಯಪಟ್ಟಣದ ಬಸ್ಸೂ ಅಷ್ಟು ಹೋಗುತ್ತೆ ಕಣೋ" ಅಂದರು.

ಈಗ ಕಾರು. 1989ರ ಫೋರ್ಡ್ ಮಸ್ಟಾಂಗ್, ಎಲ್‌ಎಕ್ಸ್. ಇಲ್ಲಿಯವರು ಇದನ್ನು ಫಾಕ್ಸ್ ಬಾಡಿ ಅನ್ನುತ್ತಾರೆ. ಬದಿಯಲ್ಲಿ 5.0 ಅಂತ ಬರೆದಿದೆ, ಕಾಣಿಸಿತಾ? ವಿ8 ಎಂಜಿನ್ನು, ನಿಜವಾಗಿ ಅಳೆದರೆ 4,942 ಸಿಸಿ. ಅಂದರೆ 4.9 ಲೀಟರ್. ಮಾರುವವರ ಲೆಕ್ಕ ಯಾವಾಗಲೂ ಸ್ವಲ್ಪ ಉದಾರ, ಅಲ್ವಾ? ಫ್ಯಾಕ್ಟರಿಯಿಂದ ಬಂದಾಗ 225 ಹಾರ್ಸ್‌ಪವರ್. ನಾನು ಅದಕ್ಕೆ ಬೇರೆ ಸಿಲಿಂಡರ್ ಹೆಡ್, ಬೇರೆ ಕ್ಯಾಮ್‌ಶಾಫ್ಟ್ ಹಾಕಿಸಿದೆ. ಮೊದಲ ವರ್ಷದ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಸದ್ದು ಅದ್ಭುತವಾಗಿ ಬಂತು. ಟೈಮ್ ಮಾತ್ರ ಅರ್ಧ ಸೆಕೆಂಡೂ ಕಡಿಮೆಯಾಗಲಿಲ್ಲ.

ಮಸಲ್ ಕಾರು ಅಂದರೆ ನೇರ ಓಡುವ ಪ್ರಾಣಿ. 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂದಾಗಿನಿಂದ ಸೂತ್ರ ಒಂದೇ: ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ನು, ಕಾಲು ಮೈಲಿಯ ಡ್ರ್ಯಾಗ್ ಓಟ. ತಿರುವಿನ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ ಅನ್ನುತ್ತಾರೆ. ಅದು ಪೂರ್ತಿ ನಿಜವಲ್ಲ. 1967ರ ಷೆವ್ರೊಲೆ ಕಮಾರೋ ಝಡ್/28 ಹುಟ್ಟಿದ್ದೇ ತಿರುವುಗಳಿರುವ ಟ್ರ್ಯಾಕಿನ ಟ್ರಾನ್ಸ್-ಆಮ್ ರೇಸಿಗಾಗಿ, ಅಲ್ಲಿ ಎಂಜಿನ್ನು ಐದು ಲೀಟರ್ ದಾಟುವ ಹಾಗಿರಲಿಲ್ಲ. ಮಾರ್ಕ್ ಡೊನೊಹ್ಯೂ 1968 ಮತ್ತು 69ರಲ್ಲಿ ಕಮಾರೋದಲ್ಲಿ ಗೆದ್ದರು. 1970ರಲ್ಲಿ ಪಾರ್ನೆಲಿ ಜೋನ್ಸ್ ಬಾಸ್ 302 ಮಸ್ಟಾಂಗ್‌ನಲ್ಲಿ ಸೇಡು ತೀರಿಸಿಕೊಂಡರು. ಸರಿಯಾಗಿ ತಯಾರು ಮಾಡಿದರೆ ಇವೂ ತಿರುಗುತ್ತವೆ.

ನನ್ನದು ತಿರುಗುತ್ತಿರಲಿಲ್ಲ. ಇದು ಹೋದ ವರ್ಷದ ವಿಡಿಯೋ. ಮುಂದಿನ ಚಕ್ರ ನೋಡಿ. ಎಡಕ್ಕೆ ಪೂರ್ತಿ ತಿರುಗಿದೆ. ಕಾರು ಮಾತ್ರ ಮೂತಿ ಎತ್ತಿಕೊಂಡು ನೇರ ಹೋಗುತ್ತಿದೆ. ಟೈರು ಕಿರುಚುತ್ತಿದೆ. ನಾನೂ ಸ್ವಲ್ಪ ಕಿರುಚುತ್ತಿದ್ದೇನೆ, ಅದನ್ನು ಮ್ಯೂಟ್ ಮಾಡಿದ್ದೇನೆ.

ಇದನ್ನು ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಅವರು ಚಿಕ್ಕಂದಿನಲ್ಲಿ ಎತ್ತಿನ ಗಾಡಿ ಹೊಡೆದವರು. ಎರಡು ಸಲ ನೋಡಿ ಫೋನ್ ಮಾಡಿದರು. "ನಿನ್ನ ಗಾಡಿ ಮೂಕಿಭಾರ ಆಗಿದೆ ಕಣೋ. ಒಂದು ಮೂಟೆ ಹಿಂದಕ್ಕೆ ಎಳಿ."

ಮೂಕಿಭಾರ. ಗಾಡಿಯ ಮುಂದೆ ಭಾರ ಜಾಸ್ತಿಯಾಗಿ ಎತ್ತಿನ ಹೆಗಲ ಮೇಲೆ ಕೂರುವುದು. ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ! ಸುಮ್ನೆ ನಕ್ಕು ಫೋನ್ ಇಟ್ಟೆ. ಆಮೇಲೆ ಬಾನೆಟ್ ಎತ್ತಿ ನೋಡಿದೆ. ಕಬ್ಬಿಣದ ಎಂಜಿನ್ನು ಮುಂದೆ. ಗೇರ್‌ಬಾಕ್ಸ್ ಮುಂದೆ. ಹೆಡ್‌ಲೈಟ್ ಹಿಂದೆ 18 ಕಿಲೋ ತೂಗುವ ಬ್ಯಾಟರಿ. ಎಂಜಿನ್ನು ಎತ್ತಿಡುವ ಹಾಗಿಲ್ಲ. ಬ್ಯಾಟರಿಯನ್ನು ಎತ್ತಬಹುದಲ್ಲ?

ಈಗ ಅದು ಇಲ್ಲಿದೆ, ಡಿಕ್ಕಿಯ ಬಲ ಮೂಲೆಯಲ್ಲಿ, ಪೆಟ್ಟಿಗೆಯೊಳಗೆ ಬೋಲ್ಟ್ ಹಾಕಿ ಬಿಗಿದು. ಕಾರಿನ ಉದ್ದಕ್ಕೂ ದಪ್ಪ ಕೇಬಲ್ ಎಳೆಯಲು ಒಂದು ಭಾನುವಾರ ಹೋಯಿತು. ಇದರ ಜೊತೆ ಹಿಂದೆ ಒಂದು ಪ್ಯಾನ್‌ಹಾರ್ಡ್ ರಾಡ್ ಹಾಕಿದೆ, ಅಂದರೆ ಆಕ್ಸಲನ್ನು ಕಾರಿನ ಬಾಡಿಗೆ ಅಡ್ಡಲಾಗಿ ಕಟ್ಟುವ ಸರಳು. ಫಾಕ್ಸ್ ಬಾಡಿಯಲ್ಲಿ ಹಿಂದಿನ ಆಕ್ಸಲ್ ಒಂದೇ ಇಡೀ ದಂಡ. ಅದು ಅಡ್ಡ ಸರಿಯದಂತೆ ಹಿಡಿಯಲು ಓರೆಯಾಗಿ ಕೂತ ಎರಡು ತೋಳು, ಅದರ ತುದಿಗೆ ರಬ್ಬರ್ ಬುಶ್. ತಿರುವಿನಲ್ಲಿ ಆ ತೋಳುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಮೇಲೆ ಹೇಳದೆ ಕೇಳದೆ ಹಿಂಭಾಗ ಪಟ್ಟನೆ ಜಾರುತ್ತದೆ. ರಾಡ್ ಹಾಕಿದ ಮೇಲೆ ಜಾರುವ ಮುಂಚೆ ಒಂದು ಸೂಚನೆಯಾದರೂ ಸಿಗುತ್ತದೆ.

ನಾವು ಓಡಿಸುವ ವರ್ಗದ ಹೆಸರು ಕ್ಲಾಸಿಕ್ ಅಮೆರಿಕನ್ ಮಸಲ್. ಬಾಯಲ್ಲಿ ಕ್ಯಾಮ್. ನಿಯಮ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ್ದು. ಎಂಜಿನ್ನು, ಸಸ್ಪೆನ್ಷನ್ ನಿಮ್ಮಿಷ್ಟ. ಆದರೆ ಟೈರಿನ ಟ್ರೆಡ್‌ವೇರ್ ಸಂಖ್ಯೆ, ಅಂದರೆ ಸವೆತ ತಾಳುವ ಅಳತೆ, 200ಕ್ಕಿಂತ ಕಡಿಮೆ ಇರಬಾರದು. ಅಂಟಿನಂಥ ರೇಸ್ ಟೈರು ತರುವ ಹಾಗಿಲ್ಲ ಅಂತ ಅರ್ಥ. ಒಳ್ಳೆಯ ನಿಯಮ. ಇಲ್ಲದಿದ್ದರೆ ದುಡ್ಡಿದ್ದವರದೇ ಆಟ.

ಓಡಿಸಲು ಬಂದವರೆಲ್ಲ ಕೆಲಸವನ್ನೂ ಮಾಡಬೇಕು. ನನಗೆ ಇವತ್ತು ಕೋನ್ ಎತ್ತಿಡುವ ಪಾಳಿ. ಈ ಕೋನ್‌ನ ಬುಡ ನೋಡಿ. ಸುತ್ತ ಸುಣ್ಣದ ಗೆರೆಯ ಚೌಕ. ಕೋನ್ ಬಿದ್ದರೆ ಎರಡು ಸೆಕೆಂಡ್ ದಂಡ. ಚೌಕದಿಂದ ಪೂರ್ತಿ ಆಚೆ ಸರಿದರೂ ದಂಡ. ನಿಂತೇ ಇದ್ದು ಗೆರೆಗೆ ತಾಗಿಕೊಂಡಿದ್ದರೆ ಮಾಫಿ. ಈಗ ಒಂದು ಮಿಯಾಟಾ, ಮಜ್ದಾದ ಪುಟ್ಟ ಕಾರು, ಉಜ್ಜಿಕೊಂಡು ಹೋಯಿತು. ನಾನು ಓಡಿ ಹೋಗಿ ಬಗ್ಗಿದೆ. ಕೋನ್ ಇನ್ನೂ ಅಲ್ಲಾಡುತ್ತಿದೆ. ಒಂದು ಮೂಲೆ, ಬೆರಳಿನಷ್ಟು, ಗೆರೆಯ ಮೇಲಿದೆ. ವಾಕಿಟಾಕಿಯಲ್ಲಿ ದಂಡ ಇಲ್ಲ ಅಂದೆ. ಅದನ್ನು ಓಡಿಸುತ್ತಿದ್ದಾಕೆಗೆ ಗೊತ್ತೂ ಆಗಿರಲಿಕ್ಕಿಲ್ಲ.

ಇನ್ನು ನನ್ನ ಸರದಿ. ನಾಲ್ಕು ಓಟ. ಮೊದಲನೆಯದರಲ್ಲಿ ದಾರಿಯೇ ತಪ್ಪಿತು, ಲೆಕ್ಕಕ್ಕಿಲ್ಲ. ಎರಡನೆಯದು 54.6. ಮೂರನೆಯದು 53.1. ಹಿಂದೆ ಆಗಿದ್ದರೆ ಈ ಎಡ ತಿರುವಿನಲ್ಲಿ ಕಾರು ನೇರ ಹೋಗುತ್ತಿತ್ತು. ಈಗ ನೋಡಿ, ಬ್ರೇಕ್ ಬಿಟ್ಟ ಕೂಡಲೇ ಮೂತಿ ಒಳಗೆ ಬಂತು. ಕಾಲಿಗೆ ಮಾತ್ರ ತಾಳ್ಮೆ ಕಲಿಸಬೇಕು. ಆಕ್ಸಿಲರೇಟರ್ ಬೇಗ ಒತ್ತಿದರೆ ಇಷ್ಟೊಂದು ಟಾರ್ಕ್ ಹಿಂದಿನ ಟೈರನ್ನು ಸುಮ್ನೆ ಗಿರಗಿರ ತಿರುಗಿಸುತ್ತದೆ.

ನಾಲ್ಕನೆಯದು. ಸ್ಲಾಲಮ್, ಅಂದರೆ ಸಾಲು ಕೋನ್‌ಗಳ ನಡುವೆ ಹಾವಿನ ಹಾಗೆ ಹಾಯುವುದು, ಚೆನ್ನಾಗಿ ಹೋಯಿತು. ಕೊನೆಯ ಗೇಟು, ಎರಡು ಕೋನ್‌ಗಳ ನಡುವಿನ ದಾರಿ. ಟಪ್ ಅಂತ ಒಂದು ಸದ್ದು, ಕೇಳಿಸಿತಾ? ಬೋರ್ಡಿನಲ್ಲಿ 51.8. ನಾನು ಒಳಗೆ ಕುಣಿಯುತ್ತಿದ್ದೇನೆ. ಹೊರಗೆ ಕ್ಯಾಮೆರಾ ಹಿಡಿದಿದ್ದ ನನ್ನ ಹೆಂಡತಿ ನಗುತ್ತಿದ್ದಾಳೆ. ಯಾಕೆಂದರೆ ಕೋನ್ ಬಿದ್ದಿತ್ತೋ, ಗೆರೆ ಮೇಲಿತ್ತೋ ಅಂತ ಬಗ್ಗಿ ನೋಡುವ ಕಷ್ಟವನ್ನೇ ನಾನು ಯಾರಿಗೂ ಕೊಟ್ಟಿರಲಿಲ್ಲ. ಅದು ಬಂಪರಿನ ಕೆಳಗೆ ಸಿಕ್ಕಿಕೊಂಡು ನನ್ನ ಜೊತೆಗೇ ಬಂದುಬಿಟ್ಟಿತ್ತು. ಎರಡು ಸೆಕೆಂಡ್ ಸೇರಿಸಿ 53.8. ಉಳಿದದ್ದು ಮೂರನೇ ಓಟವೇ.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಕಾರು ತೋರಿಸಿದೆ. ಬಿಳಿ ಬಂಪರಿನ ಮೇಲೆ ಒಂದು ಗೇಣು ಉದ್ದ ಕಿತ್ತಳೆ ಗೀರು. "ಅದೇನೋ, ಪೂಜೆ ಮಾಡಿಸಿದ್ಯಾ?" ಅಂದರು. ಹೂಂ ಅಂದೆ.