ಜಾಯಿಂಟ್ ಮಾಯ, ಆದ್ರೂ ಚೌಕ ಕಾಣ್ತಿದೆ! ಯಾಕೆ?

[ಸ್ಕ್ರೀನ್: ಕೆಂಪು ಗಾರೆ ನೆಲದ ಫೋಟೋ, 4×4 ಜೋಡಣೆ]

ರೆಡ್ ಆಕ್ಸೈಡ್ ನೆಲದ ಒಂದೇ ಫೋಟೋ, ಹದಿನಾರು ಸಲ ಜೋಡಿಸಿದೆ. ಅಂಚುಗಳು ಪಕ್ಕಾ ಕೂತಿವೆ, ಎಲ್ಲೂ ಜಾಯಿಂಟ್ ಇಲ್ಲ. ಆದ್ರೂ ಕಣ್ಣಿಗೆ ಮೊದಲು ಬಿದ್ದಿದ್ದು ಚೌಕಗಳೇ, ಅಲ್ವಾ? ಸೀಮ್‌ಲೆಸ್, ಅಂದ್ರೆ ಜಾಯಿಂಟ್ ಕಾಣದ ಹಾಗೆ ಜೋಡಿಸೋದು, ಅಂದ್ಮೇಲೂ ಇದ್ಯಾಕೆ?

ಅಂಚಿನ ವಿಷಯ ಬೇಗ ಮುಗಿಸೋಣ. ಗಿಂಪ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಲೇಯರ್ ಮೆನು, ಟ್ರಾನ್ಸ್‌ಫಾರ್ಮ್, ಆಫ್‌ಸೆಟ್. ಟೈಲು, ಅಂದ್ರೆ ಮತ್ತೆ ಮತ್ತೆ ಜೋಡಿಸೋ ಆ ಒಂದು ಫೋಟೋ, 2048 ಪಿಕ್ಸೆಲ್ ಚೌಕ ಆದ್ರೆ ಅಡ್ಡ 1024, ಉದ್ದ 1024 ಸರಿಸಿ. ಹೊರ ಅಂಚುಗಳು ಸೇರೋ ಜಾಯಿಂಟು ಮಧ್ಯಕ್ಕೆ ಬಂದು ಪ್ಲಸ್ ಆಕಾರದಲ್ಲಿ ನಿಲ್ಲುತ್ತೆ. ಪಕ್ಕದ ಜಾಗವನ್ನ ಕಾಪಿ ಮಾಡಿ ಬಳಿಯೋ ಕ್ಲೋನ್ ಟೂಲಲ್ಲಿ ಅಳಿಸಿ. ಪ್ಲಸ್‌ನ ನಾಲ್ಕು ತುದಿ ಮಾತ್ರ ಈಗಲೇ ಮುಟ್ಟಬೇಡಿ, ಬ್ರಷ್ಷು ಹೊರ ಅಂಚಿಗೆ ತಾಗಿದ್ರೆ ಹೊಸ ಜಾಯಿಂಟ್ ಹುಟ್ಟುತ್ತೆ. ಇನ್ನೊಂದ್ಸಲ ಅಡ್ಡ, ಉದ್ದ ಎರಡೂ 512 ಸರಿಸಿ, ತುದಿಗಳು ಒಳಗೆ ಬರ್ತವೆ, ಆಗ ಅಳಿಸಿ.

ಚೌಕ ತೋರಿಸೋ ಕಳ್ಳ ನಂಬರ್ ಒನ್, ಬೆಳಕು. ಕಿಟಕಿ ಕಡೆ ಬಿಳುಚು, ಆ ಕಡೆ ಕಪ್ಪು. ಜೋಡಿಸಿದ್ರೆ ಬಿಳುಚು-ಕಪ್ಪು, ಬಿಳುಚು-ಕಪ್ಪು ಪಟ್ಟೆ. ಇದನ್ನ ಆಫ್‌ಸೆಟ್‌ಗಿಂತ ಮುಂಚೆ ತೆಗೀಬೇಕು: ಲೇಯರ್ ಕಾಪಿ ಮಾಡಿ, 250ರಷ್ಟು ಗಾಸಿಯನ್ ಬ್ಲರ್ ಕೊಟ್ಟು ಮಸುಕು ಮಾಡಿ, ಲೇಯರ್ ಮೋಡ್ ಗ್ರೇನ್ ಎಕ್ಸ್‌ಟ್ರಾಕ್ಟ್ ಮಾಡಿ, ಕೆಳಗಿನ ಫೋಟೋದಿಂದ ಆ ಮಸುಕು ಕಳೆಯುತ್ತೆ. ನ್ಯೂ ಫ್ರಮ್ ವಿಸಿಬಲ್ ಒತ್ತಿ, ಕಾಣ್ತಿರೋದೇ ಹೊಸ ಲೇಯರ್ ಆಗುತ್ತೆ. ಬಂದ ಬೂದು ಲೇಯರಿನ ಕೆಳಗೆ ನೆಲದ ಸರಾಸರಿ ಬಣ್ಣ ತುಂಬಿ, ಮೇಲಿನದಕ್ಕೆ ಗ್ರೇನ್ ಮರ್ಜ್ ಮೋಡ್ ಕೊಡಿ, ಅದು ಬಣ್ಣಕ್ಕೆ ವಿವರ ಸೇರಿಸುತ್ತೆ. ಬೆಳಕು ಸಮ ಆಯ್ತು, ವಿವರ ಉಳೀತು.

ಎರಡನೇ ಕಳ್ಳ, ಎದ್ದು ಕಾಣೋ ಒಂದು ಕಲೆ ಅಥವಾ ಬಿರುಕು. ಎಷ್ಟೇ ಚೆನ್ನಾಗಿದ್ರೂ ಅಳಿಸಿ. ಹದಿನಾರು ಕಡೆ ಅದೇ ಬಿರುಕು ಬಿಡೋ ನೆಲ ಯಾವ ಊರಲ್ಲೂ ಇಲ್ಲ.

[ಸ್ಕ್ರೀನ್: ಚುಕ್ಕಿಗಳು]

ಹೂವು, ಬಳ್ಳಿಯ ಪ್ಯಾಟರ್ನ್ ಆದ್ರೆ ಅಳಿಸೋ ಮಾತಿಲ್ಲ, ಜಾಗ ಬದಲಿಸಬೇಕು. ಇದು ರಂಗೋಲಿ ಹಾಕೋರಿಗೆ ಚೆನ್ನಾಗಿ ಗೊತ್ತು. ನೇರ ಚುಕ್ಕಿಯಲ್ಲಿ 7 ಸಾಲು, ಸಾಲಿಗೆ 7. ಕಣ್ಣು ಕಂಬದ ಹಾಗೆ ಮೇಲಿಂದ ಕೆಳಗೆ ಇಳಿಯುತ್ತೆ. ಸಂದು ಚುಕ್ಕಿಯಲ್ಲಿ ಮಧ್ಯ 7, ಅದರ ಮೇಲೂ ಕೆಳಗೂ 6, 5, 4. ಪ್ರತಿ ಚುಕ್ಕಿ ಹಿಂದಿನ ಸಾಲಿನ ಎರಡರ ಸಂದಿಗೆ ಬೀಳುತ್ತೆ. ಕಂಬ ಮುರೀತು! ಇದನ್ನ ಅಡ್ಡ ತಿರುಗಿಸಿ, ಸಾಲಿನ ಬದಲು ಕಂಬ ಸರಿಸಿದ್ರೆ ಬಟ್ಟೆ ಡಿಸೈನಿನವರ ಹಾಫ್ ಡ್ರಾಪ್. ದುಬಾರಿ ಕೋರ್ಸ್ ಕೊಳ್ಳೋಕೆ ಮುಂಚೆ ಬೆಳಗ್ಗೆ ಬಾಗಿಲ ಹೊರಗೆ ಒಂದ್ಸಲ ಇಣುಕಿ.

ಮಾಡೋದು ಹೀಗೆ: 600×300 ಪಿಕ್ಸೆಲ್‌ನ ಟೈಲು. ಹೂವಿನ ನಡುವಿನ ಜಾಗ ಎಡದಿಂದ, ಮೇಲಿಂದ ಎಣಿಸಿ. ಎಡ ಅರ್ಧದ ನಡುವೆ, 150,150ರಲ್ಲಿ ಇಡೀ ಹೂವು. ಬಲ ಅರ್ಧದಲ್ಲಿ 450,0ಕ್ಕೆ ಒಂದು, 450,300ಕ್ಕೆ ಒಂದು. ಎರಡೂ ಅರ್ಧರ್ಧ ಹೊರಗೆ ಹೋಗ್ಬೇಕು. ಒಂದು ಪಿಕ್ಸೆಲ್ ಆಚೀಚೆ ಆದ್ರೂ ಹೂವು ಸೀಳುತ್ತೆ. ಹೂವು ಒಂದೇ ಇದ್ರೆ ಈಗ ಓರೆ ಗೆರೆ ಕಾಣುತ್ತೆ, ಸಂದಿಗೆ ಸಣ್ಣ ಎಲೆ ತುಂಬಿ.

ಟೈಮ್ ಆಗ್ತಿದೆ, ಉಳಿದಿದ್ದು ಒಟ್ಟಿಗೆ. ಗೆರೆ, ಚಿತ್ರ ಇರೋ ಪ್ಯಾಟರ್ನ್ ಪಿಎನ್‌ಜಿಯಲ್ಲೇ ಸೇವ್ ಮಾಡಿ. ಜೆಪೆಗ್ 8×8 ಪಿಕ್ಸೆಲ್ ತುಂಡುಗಳಾಗಿ ಕುಗ್ಗಿಸೋದ್ರಿಂದ ಅಂಚಿನ ಬಣ್ಣ ಕದಲುತ್ತೆ. ವೆಬ್‌ಸೈಟಲ್ಲಿ ಟೈಲ್ ಅಳತೆ ಪೂರ್ಣ ಪಿಕ್ಸೆಲ್ ಇರಲಿ, 33.3 ಅಂತ ಕೊಟ್ರೆ ಕೂದಲೆಳೆ ಗೆರೆ ಬರಬಹುದು. ಫ್ಲೆಕ್ಸ್‌ಗೆ 100 ಡಿಪಿಐ, ಇಂಚಿಗೆ 100 ಪಿಕ್ಸೆಲ್, ಅಂದ್ರೆ 2048 ಪಿಕ್ಸೆಲ್ ಬರೀ 52 ಸೆಂಟಿಮೀಟರ್. ಹತ್ತಡಿ ಬ್ಯಾನರಿನ ಅಗಲಕ್ಕೆ ಹತ್ತಿರ ಆರು ಸಲ ರಿಪೀಟ್, ಅಳಿಸದೆ ಬಿಟ್ಟ ಆ ಕಲೆಯೂ ಸೇರಿ.