ಹಲ್ಲಿನ ಇಂಜೆಕ್ಷನ್ ಮುಚ್ಚುವ ಬಾಗಿಲು

ಎಲ್ಲರಿಗೂ ನಮಸ್ಕಾರ.

ಹಲ್ಲು ಕೀಳಿಸಿಕೊಂಡವರು ಇಲ್ಲಿ ಸುಮಾರು ಜನ ಇದ್ದೀರಿ, ಅಲ್ವಾ? ಡಾಕ್ಟರು ಒಸಡಿಗೆ ಲಿಗ್ನೋಕೇನ್ ಇಂಜೆಕ್ಷನ್ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ತುಟಿ ದಪ್ಪ ಆದ ಹಾಗೆ ಅನಿಸುತ್ತದೆ. ಆಮೇಲೆ ಹಲ್ಲು ಎಳೆದರೂ ನೋವು ತಿಳಿಯುವುದಿಲ್ಲ. ಆ ಔಷಧಿ ನರವನ್ನು ಸಾಯಿಸಿಲ್ಲ. ನರದ ಪೊರೆಯಲ್ಲಿರುವ ಒಂದು ಬಗೆಯ ಬಾಗಿಲನ್ನು ಮುಚ್ಚಿದೆ, ಅಷ್ಟೇ.

ನರಕೋಶದ ಪೊರೆ ಕೊಬ್ಬಿನದು. ದಪ್ಪ ಸುಮಾರು 5 ನ್ಯಾನೋಮೀಟರ್ (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್). ಅದರ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಎರಡೂ ಪ್ಲಸ್ ಚಾರ್ಜ್ ಇರುವ ಕಣಗಳು, ಅಂದರೆ ಅಯಾನುಗಳು. ಕೊಬ್ಬನ್ನು ದಾಟಲು ಅವುಗಳಿಗೆ ಆಗುವುದಿಲ್ಲ. ಪೊರೆಯಲ್ಲೇ ಕೂತ ಪಂಪು ಪ್ರತಿ ಸಲ 3 ಸೋಡಿಯಂ ಹೊರಗೆ ತಳ್ಳಿ, 2 ಪೊಟ್ಯಾಸಿಯಂ ಒಳಗೆ ತಂದುಕೊಂಡು ಈ ವ್ಯತ್ಯಾಸವನ್ನು ಕಾಯುತ್ತದೆ.

ನರ ಸುಮ್ನೆ ಇರುವಾಗ ಹೆಚ್ಚಾಗಿ ಪೊಟ್ಯಾಸಿಯಂ ಬಾಗಿಲುಗಳೇ ತೆರೆದಿರುತ್ತವೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಜೊತೆಗೆ ಪ್ಲಸ್ ಚಾರ್ಜೂ ಹೋಗುತ್ತದೆ. ಒಳಗೆ ಮೈನಸ್ ಉಳಿದು, ಹೊರಟದ್ದನ್ನು ವಾಪಸ್ ಎಳೆಯತೊಡಗುತ್ತದೆ. ಈ ಜಗ್ಗಾಟ ನಿಲ್ಲುವುದು ಸುಮಾರು ಮೈನಸ್ 70 ಮಿಲಿವೋಲ್ಟಿನಲ್ಲಿ. ಇಷ್ಟೇನಾ ಅನ್ನಬೇಡಿ. ಪೊರೆ ಎಷ್ಟು ತೆಳುವೋ ನೋಡಿದಿರಲ್ಲ. ಮೀಟರಿಗೆ ಲೆಕ್ಕ ಹಾಕಿದರೆ ಇದು ಒಂದು ಕೋಟಿ ವೋಲ್ಟಿಗೂ ಜಾಸ್ತಿ!

ಇಲ್ಲಿ ನನ್ನನ್ನು ತುಂಬಾ ಕಾಡಿದ ಒಂದು ಪ್ರಶ್ನೆ ಇದೆ. ಸೋಡಿಯಂ ಪೊಟ್ಯಾಸಿಯಂಗಿಂತ ಚಿಕ್ಕದು. ದೊಡ್ಡದನ್ನು ಬಿಡುವ ಬಾಗಿಲು ಚಿಕ್ಕದನ್ನು ಹೇಗೆ ತಡೆಯುತ್ತದೆ? 1998ರಲ್ಲಿ ವಿಜ್ಞಾನಿ ರಾಡರಿಕ್ ಮೆಕಿನನ್ ತಂಡ ಒಂದು ಬ್ಯಾಕ್ಟೀರಿಯಾದಲ್ಲಿರುವ ಇಂಥ ಬಾಗಿಲಿನ, ಅಂದರೆ ಪೊಟ್ಯಾಸಿಯಂ ಚಾನೆಲ್‌ನ ರಚನೆಯನ್ನು ಎಕ್ಸ್-ರೇ ವಿಧಾನದಿಂದ ಕಂಡಿತು. ಅಯಾನು ನೀರಿನಲ್ಲಿ ಇರುವಾಗ ನೀರಿನ ಕಣಗಳು ಅದನ್ನು ಸುತ್ತುಗಟ್ಟಿರುತ್ತವೆ. ಚಾನೆಲ್ಲಿನ ಇಕ್ಕಟ್ಟಾದ ಜಾಗಕ್ಕೆ ಬರಬೇಕಾದರೆ ಆ ನೀರನ್ನು ಕಳಚಬೇಕು. ಅಲ್ಲಿ ಸಾಲಾಗಿ ಆಕ್ಸಿಜನ್ ಪರಮಾಣುಗಳಿವೆ. ಪೊಟ್ಯಾಸಿಯಂ ಬಂದರೆ ನೀರು ಹಿಡಿದಷ್ಟೇ ಚೆನ್ನಾಗಿ ಅವು ಹಿಡಿದುಕೊಳ್ಳುತ್ತವೆ. ಪುಟ್ಟ ಸೋಡಿಯಂಗೆ ಆ ಹಿಡಿತ ಸಾಲದು. ಹಾಗಾಗಿ ಅದು ನೀರಿನಲ್ಲೇ ಉಳಿಯುತ್ತದೆ. ಇಷ್ಟು ಆರಿಸಿಯೂ ಒಂದೇ ಚಾನೆಲ್ ಸೆಕೆಂಡಿಗೆ ಹತ್ತಿರ ಹತ್ತಿರ 10 ಕೋಟಿ ಪೊಟ್ಯಾಸಿಯಂ ದಾಟಿಸಬಲ್ಲದು. ಎಷ್ಟು ಸಲ ಓದಿದರೂ ನನಗೆ ಮೈ ಜುಂ ಅನ್ನುತ್ತದೆ.

ಇನ್ನು ನೋವಿನ ಸುದ್ದಿ. ಅದನ್ನು ಒಯ್ಯುವುದು ಸೋಡಿಯಂ ಬಾಗಿಲು. ಒಳಗಿನ ಮೈನಸ್ ಸ್ವಲ್ಪ ಕಡಿಮೆಯಾದರೆ ಈ ಬಾಗಿಲುಗಳು ತೆರೆಯುತ್ತವೆ. ಸೋಡಿಯಂ ನುಗ್ಗುತ್ತದೆ, ಒಳಗೆ ಒಂದು ಕ್ಷಣ ಪ್ಲಸ್ ಆಗುತ್ತದೆ. ಅದನ್ನು ಕಂಡು ಪಕ್ಕದ ಬಾಗಿಲು ತೆರೆಯುತ್ತದೆ, ಆಮೇಲೆ ಅದರ ಪಕ್ಕದ್ದು. ಹೀಗೆ ಸುದ್ದಿ ಮಿದುಳಿನ ಕಡೆಗೆ ಓಡುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ಇದನ್ನು ಅಳೆದು, 1952ರಲ್ಲಿ ಲೆಕ್ಕ ಸಮೇತ ತೋರಿಸಿಕೊಟ್ಟರು.

ಲಿಗ್ನೋಕೇನ್ ಈ ಸೋಡಿಯಂ ಬಾಗಿಲನ್ನು ಮುಚ್ಚುವುದು ಮುಖ್ಯವಾಗಿ ಒಳಗಿನಿಂದ. ಅದರ ಚಾರ್ಜ್ ಇಲ್ಲದ ರೂಪ ಕೊಬ್ಬನ್ನು ದಾಟಿ ಒಳಗೆ ಹೋಗುತ್ತದೆ. ಅಲ್ಲಿ ಚಾರ್ಜ್ ಪಡೆದು ಚಾನೆಲ್ಲಿನೊಳಗೆ ಅಡ್ಡ ಕೂರುತ್ತದೆ. ಅದಕ್ಕೇ ಡಾಕ್ಟರು ಕೆಲವು ನಿಮಿಷ ಕಾಯುವುದು. ಕೀವು ತುಂಬಿದ ಹಲ್ಲಿಗೆ ಇಂಜೆಕ್ಷನ್ ಸರಿಯಾಗಿ ಹಿಡಿಯದಿರುವುದಕ್ಕೂ ಒಂದು ಕಾರಣ ಇಲ್ಲೇ ಇದೆ. ಅಲ್ಲಿ ಹುಳಿ, ಅಂದರೆ ಆಮ್ಲ, ಜಾಸ್ತಿ. ಔಷಧಿಗೆ ಹೊರಗೇ ಚಾರ್ಜ್ ಬಂದುಬಿಡುತ್ತದೆ, ಬಹುಪಾಲು ಪೊರೆಯ ಆಚೆಯೇ ನಿಂತುಬಿಡುತ್ತದೆ.